ಬಸರಿಯ ಟೊಂಗೆಗೆ ಬೇರು ಬಂದ ವೃತ್ತಾಂತ

ನಮ್ಮ ಶಾಲೆಯ ಹೆಬ್ಬಾಗಿಲಿನ ಎಡಗಡೆಯಲ್ಲಿ 2022ನೆಯ ಇಸವಿಯ ವರೆಗೆ ಒಂದು ಬಸರಿಯ ಗಿಡವಿತ್ತೆಂಬದು ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರೆಲ್ಲರಿಗೂ ನೆನಪಿರುವದು. ಯಾದಗಿರಿ, ಶಹಾಪುರ, ಸುರಪುರಗಳ ಕಡೆ ಎಷ್ಟು ದೊಡ್ಡ ಮರವನ್ನಾದರೂ ಗಿಡವೆಂದೇ ಕರೆಯುವ ರೂಢಿಯುಂಟಾದ್ದರಿಂದ ನಾವೂ ಹಾಗೆಯೇ ಬರೆಯುತ್ತೇವೆ. ದಕ್ಷಿಣದ ಸೀಮೆಯ ಓದುಗರು ಇದನ್ನು ಸಸಿಯೆಂದು ತಿಳಿಯಬಾರದು. ಅದರ ಬುಡವನ್ನು ತಬ್ಬುವದಕ್ಕೆ ಎಂಟನೆಯ ತರಗತಿಯ ಐದು ಮಂದಿ ಹುಡುಗಿಯರು ಕೈಗೆ ಕೈ ಸೇರಿಸಬೇಕಾಗುತ್ತಿತ್ತು. ಉಷ್ಣಮಾನವು 42 ಡಿಗ್ರಿಯನ್ನು ದಾಟಿದ ದಿನಗಳಲ್ಲಿಯೂ ಬುತ್ತಿಯನ್ನು ಬಿಚ್ಚಿ ರೊಟ್ಟಿ ತಿನ್ನುವದಕ್ಕೆ ಅದರ ಕಟ್ಟೆಗಿಂತ ತಂಪಾದ ಸ್ಥಳವು ನಮ್ಮಲ್ಲಿರಲಿಲ್ಲ. ಸುರಪುರದ ಬಸ್ಸು ತಪ್ಪಿದವರು ಅಲ್ಲಿಯೇ ಕಾಯುವರು. ಪರೀಕ್ಷೆಯ ಫಲಿತಾಂಶವನ್ನು ಕೇಳಿ ಅಳುವವರೂ ಅಲ್ಲಿಯೇ ಅಳುವರು. ಹಣ್ಣು ಬಿಟ್ಟ ವಾರದಲ್ಲಿ ಹಕ್ಕಿಗಳ ಗದ್ದಲದಿಂದ ಹತ್ತಿರದ ಕೋಣೆಯಲ್ಲಿ ಗಣಿತದ ಪಾಠವು ನಡೆಯದಾಗಿ, ಉಪಾಧ್ಯಾಯಿನಿಯರು ಹುಡುಗಿಯರನ್ನು ಹಿಂದಿನ ಪಡಸಾಲೆಗೆ ಕರೆದುಕೊಂಡು ಹೋಗುತ್ತಿದ್ದರು.

ಆ ವರುಷದ ಮಾರ್ಚ್ ತಿಂಗಳಲ್ಲಿ ಅದರ ಬೊಡ್ಡೆಗೆ ಕೆಂಪು ಬಣ್ಣದಿಂದ ಒಂದು ಅಂಕೆಯನ್ನು ಬರೆದು ಹೋದರು. ರಸ್ತೆಯನ್ನು ಅಗಲ ಮಾಡುವ ಸಲುವಾಗಿ ಕಡಿಯತಕ್ಕ ಗಿಡಗಳಲ್ಲಿ ಅದೂ ಒಂದೆಂದು ವಿಚಾರಿಸಲಾಗಿ ತಿಳಿಯಿತು. ನಾವು ಅರ್ಜಿ ಬರೆದೆವು. ಎರಡು ಸಾರೆ ಕಚೇರಿಯ ಮೆಟ್ಟಲು ಹತ್ತಿ ಇಳಿದೆವು. ಮರ್ಯಾದೆಯಿಂದ ಕೂಡ್ರಿಸಿ, ಚಹ ಕೊಟ್ಟು, ಆಗುವದಿಲ್ಲವೆಂದು ಹೇಳಿ ಕಳಿಸಿದರು. ಆ ರಸ್ತೆಯ ತಿರುವಿನಲ್ಲಿ ಅಪಘಾತಗಳಾಗುತ್ತಿದ್ದದ್ದೂ ನಿಜವೇ ಆದ್ದರಿಂದ ನಮಗೆ ಪೂರಾ ಸಿಟ್ಟು ಮಾಡಲಿಕ್ಕೂ ಬರಲಿಲ್ಲ. ಹೀಗಿರಲಾಗಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯು ನಮ್ಮ ಕೋಣೆಯ ಬಾಗಿಲಲ್ಲಿ ನಿಂತು, “ಅಕ್ಕೋರೆ, ಗುಲಾಬಿ ಟೊಂಗಿ ಹಚ್ಚಿದ್ರ ಬರ್ತದಲ್ರಿ, ಹಂಗ ಈ ಬಸರಿ ಗಿಡದ್ದೂ ಬರ್ತದೇನ್ರಿ?” ಎಂದು ಕೇಳಿದಳು. ಬರುವದೆಂದು ಪುಸ್ತಕದಲ್ಲಿ ಓದಿದ್ದೆವು, ವರುಷ ವರುಷವೂ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದ್ದೆವು; ಆದರೆ ಗಿಡದ ಟೊಂಗೆಯನ್ನು ನಮ್ಮ ಕೈಯಿಂದ ಹಚ್ಚಿ ನೋಡಿದ್ದಿಲ್ಲ. ಬರುವದೆಂದೇ ಉತ್ತರ ಕೊಟ್ಟೆವು.

ನಮ್ಮ ಮೊದಲನೆಯ ಪ್ರಯತ್ನವನ್ನು ಮರೆಮಾಚದೆ ಹೇಳುವದು ಒಳ್ಳೇದು. ಏಪ್ರಿಲ್ ತಿಂಗಳ ಒಂದು ಶನಿವಾರ, ಕೈಗೆ ಸಿಕ್ಕ ಎಳೆಯ ತುದಿಗಳನ್ನು ಎಲೆ ಸಹಿತವಾಗಿ ಮುರಿದು, ಹಾಲಿನ ಖಾಲಿ ಚೀಲಗಳಲ್ಲಿ ಹೊಲದ ಎರೆಮಣ್ಣನ್ನು ತುಂಬಿ, ನಲವತ್ತು ಕಡ್ಡಿಗಳನ್ನು ಊರಿ, ಪಡಸಾಲೆಯ ಅಂಚಿನಲ್ಲಿ ಸಾಲಾಗಿ ಇಟ್ಟು, ದಿನಕ್ಕೆ ಮೂರು ಸಾರೆ ನೀರು ಹಾಕಿದೆವು. ಹತ್ತು ದಿನಕ್ಕೆ ಏಳೆಂಟು ಕಡ್ಡಿಗಳ ಕಣ್ಣುಗಳು ಬಿರಿದು ಕೆಂಪು ಚಿಗುರು ತೋರಿತು. ಹುಡುಗಿಯರು ಚಪ್ಪಾಳೆ ತಟ್ಟಿದರು. ನಾವು ಮುಂಜಾನೆಯ ಸಭೆಯಲ್ಲಿ ಅದನ್ನು ಸಾರಿಯೂ ಬಿಟ್ಟೆವು. ನಾಲ್ಕನೆಯ ವಾರದೊಳಗೆ ನಲವತ್ತೂ ಕಪ್ಪಾಗಿ ಒಣಗಿದವು. ಕಿತ್ತು ನೋಡಿದರೆ ಒಂದಕ್ಕಾದರೂ ಬೇರಿನ ಗುರುತಿಲ್ಲ. ಬುಡಗಳೆಲ್ಲ ಕೊಳೆತು ನಾರುತ್ತಿದ್ದವು. ಮೂರು ಕಡ್ಡಿಗಳನ್ನಂತೂ ತಲೆಕೆಳಗು ಮಾಡಿ ಊರಿದ್ದರು. ಕಡಿಯುವ ಕೆಲಸವು ಮಳೆಗಾಲಕ್ಕೆ ಮುಂದೆ ಹೋದದ್ದರಿಂದ ಮಾತ್ರ ನಮಗೆ ಇನ್ನೊಂದು ಅವಕಾಶವುಳಿಯಿತು. ಅದರ ತರುವಾಯ ಇನ್ನೊಂದಿರಲಿಲ್ಲ. ಆದಕಾರಣ ಈ ಸಾರೆ ಮೊದಲು ತಿಳಿದುಕೊಂಡು ಆಮೇಲೆ ಕತ್ತರಿಸುವದೆಂದು ನಿಶ್ಚಯಿಸಿದೆವು. ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇವೆ.

ಟೊಂಗೆಯ ತೊಗಟೆಗೂ ಒಳಗಿನ ಕಟ್ಟಿಗೆಗೂ ನಡುವೆ ಉಗುರಿನಿಂದ ಕೆರೆದರೆ ಹಸಿಯಾಗಿ ಜಾರುವ ತೆಳುವಾದ ಒಂದು ಪದರವಿರುವದು. ಇದಕ್ಕೆ ಕ್ಯಾಂಬಿಯಂ ಎಂದು ಹೆಸರು. ಗಿಡದ ಬೊಡ್ಡೆಯು ವರುಷ ವರುಷಕ್ಕೆ ದಪ್ಪವಾಗುವದು ಈ ಪದರದ ಜೀವಕಣಗಳು ಒಡೆದು ಒಡೆದು ಹೆಚ್ಚುವದರಿಂದಲೇ. ಟೊಂಗೆಯನ್ನು ಕತ್ತರಿಸಿದಾಗ ಗಾಯವಾದ ಕಡೆಯಲ್ಲಿ ಈ ಕಣಗಳು ಬಿಳಿಯ ಊತದಂತೆ ಬೆಳೆದು ಗಾಯವನ್ನು ಮುಚ್ಚುವವು. ಈ ಊತವು ಬೇರಲ್ಲ, ಬೇರಿಗೆ ಬುನಾದಿಯೂ ಅಲ್ಲ. ಕೊಳೆಯದಂತೆ ಹಾಕಿದ ಮುಚ್ಚಳವೆನ್ನಬಹುದು. ಬೇರುಗಳಾದರೋ ಕ್ಯಾಂಬಿಯಂ ಪದರದ ಆಸುಪಾಸಿನಲ್ಲಿ ಬೇರೆಯಾಗಿ ಮೊಳೆತು, ತೊಗಟೆಯನ್ನು ಸೀಳಿಕೊಂಡು ಹೊರಗೆ ಬರುವವು. ಟೊಂಗೆಯಾಗಿ ಹುಟ್ಟಿದ ಕಣವು ಬೇರಾಗಿ ಮಾರ್ಪಡುವದು ಎಂಬದನ್ನು ನಾವು ಹುಡುಗಿಯರಿಗೆ ಎಷ್ಟು ಸಾರೆ ಹೇಳಿದರೂ ಅವರಿಗೆ ಅಚ್ಚರಿಯು ಹೋಗಲಿಲ್ಲ, ನಮಗೂ ಹೋಗಿಲ್ಲ.

ಈ ಮಾರ್ಪಾಟನ್ನು ಮಾಡಿಸುವ ಒಂದು ದ್ರವ್ಯವುಂಟು. ಅದು ಚಿಗುರಿನ ತುದಿಗಳಲ್ಲಿಯೂ ಎಳೆಯ ಎಲೆಗಳಲ್ಲಿಯೂ ಉತ್ಪನ್ನವಾಗಿ ಟೊಂಗೆಯೊಳಗೆ ಮೇಲಿನಿಂದ ಕೆಳಕ್ಕೆ ಇಳಿಯುತ್ತಿರುವದು. ಕತ್ತರಿಸಿದ ಬುಡಕ್ಕೆ ಬಂದು ಮುಂದೆ ದಾರಿಯಿಲ್ಲದೆ ಅಲ್ಲಿಯೇ ಕೂಡಿಕೊಳ್ಳುವದು. ಕೂಡಿಕೊಂಡ ಕಡೆ ಬೇರು ಮೊಳೆಯುವದು. ಇಂಥ ಬೆಳವಣಿಗೆಯ ದ್ರವ್ಯವೊಂದು ಇರುವದೆಂದು ಹಾಲೆಂಡ್ ದೇಶದ ಫ್ರಿಟ್ಸ್ ವೆಂಟ್ ಎಂಬ ಪಂಡಿತರು 1926ರಿಂದ 1928ರ ವರೆಗೆ ಓಟ್ಸ್ ಧಾನ್ಯದ ಮೊಳಕೆಗಳ ಮೇಲೆ ಪ್ರಯೋಗ ನಡಿಸಿ ತೋರಿಸಿಕೊಟ್ಟರು. ಇದಕ್ಕೆ ಆಕ್ಸಿನ್ ಎಂದು ಹೆಸರಾಯಿತು. 1935ರಲ್ಲಿ ಅಮೇರಿಕೆಯ ಜಿಮ್ಮರ್‌ಮನ್ ಮತ್ತು ವಿಲ್ಕಾಕ್ಸನ್ ಎಂಬವರು ಇಂಡೋಲ್ ಬ್ಯುಟಿರಿಕ್ ಆಮ್ಲವೆಂಬ ಪದಾರ್ಥವೂ ಇದೇ ಕೆಲಸವನ್ನು ಮಾಡುವದೆಂದು ಕಂಡುಕೊಂಡರು. ಇಂದು ಬೀಜ ಗೊಬ್ಬರದ ಅಂಗಡಿಗಳಲ್ಲಿ ಬೇರು ಬರಿಸುವ ಪುಡಿಯೆಂದು ಚಿಕ್ಕ ಡಬ್ಬಿಯಲ್ಲಿ ಮಾರುವದು ಬಹುಮಟ್ಟಿಗೆ ಈ ಆಮ್ಲವನ್ನು ಸುದ್ದೆಯ ಪುಡಿಯಲ್ಲಿ ಬೆರಸಿದ್ದೇ ಆಗಿದೆ.

ದ್ರವ್ಯವು ಮೇಲಿನಿಂದ ಕೆಳಕ್ಕೆ ಮಾತ್ರ ಇಳಿಯುವದೆಂಬದರಿಂದ ತಲೆಕೆಳಗಾಗಿ ಊರಿದ ಕಡ್ಡಿಯ ಗತಿ ಏನಾಗುವದೆಂದು ಊಹಿಸಬಹುದು. ಕಡ್ಡಿಗೆ ತನ್ನ ತಲೆ ಯಾವದು, ಬುಡ ಯಾವದು ಎಂಬದು ನಾವು ಮರೆತರೂ ಮರೆಯುವದಿಲ್ಲ. ಅದಕ್ಕಾಗಿ ತೋಟಗಾರರು ಕೆಳಗಿನ ಕಡೆಯನ್ನು ಓರೆಯಾಗಿಯೂ ಮೇಲಿನ ಕಡೆಯನ್ನು ನೆಟ್ಟಗೂ ಕತ್ತರಿಸುವ ಪದ್ಧತಿಯನ್ನಿಟ್ಟಿದ್ದಾರೆ. ಇಷ್ಟು ಸಣ್ಣ ಗುರುತನ್ನು ಇಟ್ಟುಕೊಂಡಿದ್ದರೆ ನಮ್ಮ ಮೂರು ಕಡ್ಡಿಗಳಾದರೂ ಆ ತಪ್ಪಿನಿಂದ ಉಳಿಯುತ್ತಿದ್ದವು.

ಇನ್ನು ಆ ಕೆಂಪು ಚಿಗುರಿನ ಮೋಸ. ಕಡ್ಡಿಯಲ್ಲಿ ಗಿಡವು ಕೂಡಿಸಿಟ್ಟ ಪಿಷ್ಟವೂ ಸ್ವಲ್ಪ ನೀರೂ ಇರುವವು. ಸೆಕೆ ತಾಗಿದ ಕೂಡಲೆ ಕಣ್ಣುಗಳು ಆ ಗಂಟನ್ನು ತಿಂದು ಬಿರಿಯುವವು. ಇದಕ್ಕೆ ಬೇರು ಬೇಕೆಂದೇ ಇಲ್ಲ. ಬಿರಿದ ಎಲೆಯು ನೀರನ್ನು ಆವಿಯಾಗಿ ಬಿಡಲಾರಂಭಿಸುವದು. ಒಳಗೆ ಗಂಟು ಮುಗಿಯಿತು, ಕೆಳಗಿನಿಂದ ನೀರು ಬರುವ ದಾರಿಯಿಲ್ಲ, ಮೇಲಿನಿಂದ ಖರ್ಚು ನಿಲ್ಲದು. ಆಗ ಕಡ್ಡಿಯು ಒಂದೆರಡು ದಿನಗಳಲ್ಲಿ ಬಾಡಿಬಿಡುವದು. ಚಿಗುರನ್ನು ನೋಡಿ ಬೇರು ಬಂತೆಂದು ತಿಳಿಯತಕ್ಕದ್ದಲ್ಲ. ಹಾಗೆಂದು ಎಳೆದು ನೋಡತಕ್ಕದ್ದೂ ಅಲ್ಲ, ಯಾಕಂದರೆ ಆಗತಾನೆ ಹುಟ್ಟಿದ ಬೇರು ನೂಲಿನ ಎಳೆಯಂತಿದ್ದು ತುಸು ಎಳೆದರೂ ಹರಿಯುವದು. ಎರಡನೆಯ ಸುತ್ತಿನ ಎಲೆಗಳು ಬಲಿತು ಅಗಲವಾದ ಮೇಲೆ, ಚೀಲದ ತಳದ ತೂತಿನಲ್ಲಿ ಬಿಳಿಯ ತುದಿ ಇಣುಕಿದರೆ ನಂಬಬಹುದು.

ಎರೆಮಣ್ಣಿನ ವಿಷಯದಲ್ಲಿ ನಮ್ಮ ಸೀಮೆಯವರು ವಿಶೇಷ ಎಚ್ಚರಿಕೆಯಿಂದಿರಬೇಕು. ಹತ್ತಿಗೂ ಜೋಳಕ್ಕೂ ತೊಗರಿಗೂ ಅದರಂಥಾ ಮಣ್ಣಿಲ್ಲವೆಂಬದು ಸರಿ. ಆದರೆ ನೀರು ಕುಡಿದರೆ ಉಬ್ಬಿ ಅಂಟಾಗುವದು, ಒಣಗಿದರೆ ಬಿರಿದು ಬಾಯಿ ಬಿಡುವದು. ಅಂಟಾದಾಗ ಒಳಗೆ ಗಾಳಿಯಾಡದು. ಗಾಳಿಯಿಲ್ಲದೆ ಬೇರು ಮೊಳೆಯದು, ಗಾಯ ಕೊಳೆಯುವದು. ಬಿರಿದಾಗ ಮೊಳೆತ ಎಳೆ ಬೇರು ಹರಿಯುವದು. ಆದಕಾರಣ ಕಡ್ಡಿಗಳಿಗೆ ಹೊಳೆಯ ದಪ್ಪ ಮರಳು ಎರಡು ಪಾಲು, ಕೆಂಪು ಮಸಾರಿ ಮಣ್ಣು ಒಂದು ಪಾಲು ಕೂಡಿಸಿದ ಮಿಶ್ರಣವೇ ಒಳ್ಳೇದು. ಗೊಬ್ಬರವನ್ನು ಆರಂಭದಲ್ಲಿ ಹಾಕಬಾರದು. ಬೇರಿಲ್ಲದವನಿಗೆ ಊಟ ಬಡಿಸಿದರೆ ಅದು ಹಳಸುವದೇ ಹೊರತು ಬೇರೇನೂ ಆಗದು.

ಎಲ್ಲ ಗಿಡಗಳೂ ಟೊಂಗೆಯಿಂದ ಬರುವವೆಂದು ತಿಳಿಯಬಾರದು. ಆಲ, ಬಸರಿ, ಗೋಣಿ, ಅತ್ತಿ ಇವೆಲ್ಲ ಒಂದೇ ಕುಲದವು. ಈ ಕುಲದವರಿಗೆ ಟೊಂಗೆಯಿಂದ ಬೇರು ಬಿಡುವದು ಹುಟ್ಟುಗುಣ. ಆಲದ ಬಿಳಲು ಎಂದರೆ ಟೊಂಗೆಯಲ್ಲಿ ಹುಟ್ಟಿದ ಬೇರೇ ಅಲ್ಲವೆ? ಬೆಂಗಳೂರಿನ ಹತ್ತಿರ ರಾಮೋಹಳ್ಳಿಯಲ್ಲಿರುವ ದೊಡ್ಡ ಆಲದ ಮರವು ಸುಮಾರು 3 ಎಕರೆ ನೆಲವನ್ನು ಆವರಿಸಿದೆ. ಅದರ ಮೂಲದ ಬೊಡ್ಡೆಯು ರೋಗದಿಂದ ಹಾಳಾಗಿ ಹೋದರೂ ಬಿಳಲುಗಳೇ ಬೊಡ್ಡೆಗಳಾಗಿ ಮರವನ್ನು ಹೊತ್ತುಕೊಂಡಿವೆ. ಇದೇ ಕುಲದ ಅರಳಿಯು ಮಾತ್ರ ತುಸು ಹಟಮಾರಿ. ನುಗ್ಗೆಯು ಮೊಳಕೈ ದಪ್ಪದ ತುಂಡಿನಿಂದ ಸುಲಭವಾಗಿ ಬರುವದು, ಲಕ್ಕಿಯೂ ಹಾಗೆಯೇ. ಕೊಡಗು ಚಿಕ್ಕಮಗಳೂರುಗಳ ಕಾಫಿಯ ತೋಟಗಳಲ್ಲಿ ನೆರಳಿಗಾಗಿಯೂ ಮೆಣಸಿನ ಬಳ್ಳಿಯ ಆಸರಕ್ಕಾಗಿಯೂ ಹಾಲವಾಣದ ಗೂಟಗಳನ್ನೇ ನೆಟ್ಟು ಗಿಡ ಮಾಡುವರು. ಹೊಂಗೆಯು ಪುಡಿಯ ಸಹಾಯವಿದ್ದರೆ ಬರುವದು. ಬೇವು, ಬನ್ನಿ, ಹುಣಸೆಗಳ ಬಲಿತ ಗಿಡದ ಟೊಂಗೆಯನ್ನು ನೆಟ್ಟು ಕಾಯುವದು ವ್ಯರ್ಥಕ್ಕೆ ಸಮೀಪವಾದದ್ದು. ಗಿಡವು ಮುದಿಯಾದಷ್ಟೂ ಅದರ ಟೊಂಗೆಗೆ ಬೇರು ಬಿಡುವ ಶಕ್ತಿ ಕುಂದುವದು. ಅದೇ ಗಿಡವನ್ನು ಕಡಿದ ಮೇಲೆ ಬುಡದಿಂದ ಒಡೆದ ಹೊಸ ಚಿಗುರಿಗೆ ಆ ಶಕ್ತಿಯು ಬಹುಮಟ್ಟಿಗೆ ತಿರುಗಿ ಬರುವದುಂಟು.

ಈ ವಿದ್ಯೆಯು ಹೊಸದೇನೂ ಅಲ್ಲ. ಜಕ್ಕಾಯನು ಹತ್ತಿದನೆಂದು ಲೂಕನ ಸುವಾರ್ತೆಯಲ್ಲಿ ನಮ್ಮ ಹುಡುಗಿಯರು ಓದುವ ಮರವು ನಮ್ಮ ಅತ್ತಿಯ ಸೋದರಜಾತಿಯದು. ಪ್ರವಾದಿಯಾದ ಆಮೋಸನು ಕಾಯುತ್ತಿದ್ದದ್ದೂ ಅದನ್ನೇ. ಆಫ್ರಿಕದ ಒಳನಾಡಿನಿಂದ ಐಗುಪ್ತಕ್ಕೂ ಅಲ್ಲಿಂದ ಆಚೆಗೂ ಆ ಮರವನ್ನು ತಂದವರು, ಅದರ ಹೂವಿಗೆ ಪರಾಗವನ್ನು ಒಯ್ಯುವ ಹುಳವನ್ನು ತರಲಿಲ್ಲ. ಹುಳವಿಲ್ಲದೆ ಅಲ್ಲಿ ಆ ಮರಕ್ಕೆ ಮೊಳೆಯುವ ಬೀಜವಾಗದು. ಆದಾಗ್ಯೂ ಸಾವಿರಾರು ವರುಷಗಳ ಕಾಲ ಅದು ಆ ದೇಶಗಳಲ್ಲಿ ಅಳಿಯದೆ ಉಳಿದದ್ದು ರೈತರು ಟೊಂಗೆಯನ್ನು ನೆಟ್ಟು ನೆಟ್ಟು ಮುಂದುವರಿಸಿದ್ದರಿಂದಲೇ. ಒಂದು ತಲೆಮಾರಿನವರು ಬೇಸರಪಟ್ಟಿದ್ದರೆ ಮರವೇ ಇರುತ್ತಿರಲಿಲ್ಲ. ಇನ್ನು ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅಶೋಕನ ಮಗಳಾದ ಸಂಘಮಿತ್ತೆಯು ಬೋಧಿವೃಕ್ಷದ ಒಂದು ಶಾಖೆಯನ್ನು ಸಿಂಹಳಕ್ಕೆ ಒಯ್ದಳೆಂದು ಅಲ್ಲಿಯ ಮಹಾವಂಸದಲ್ಲಿದೆ. ಅನುರಾಧಪುರದಲ್ಲಿ ಆ ಅರಳಿಯನ್ನು ಇಂದಿಗೂ ಕಾಪಾಡುತ್ತಿದ್ದಾರೆ. ಅಶೋಕನು ನಮಗೆ ದೂರದವನಲ್ಲ. ಭೀಮಾ ತೀರದ ಸನ್ನತಿಯಲ್ಲಿ 1986ರಲ್ಲಿ ಗುಡಿಯ ಛಾವಣಿ ಕುಸಿದಾಗ ಅವನ ಶಾಸನವು ದೊರೆಯಿತು; ಪಕ್ಕದ ಕನಗನಹಳ್ಳಿಯಲ್ಲಿ ಅವನ ಹೆಸರನ್ನು ಕೆತ್ತಿದ ಅವನ ಶಿಲ್ಪವೇ ಸಿಕ್ಕಿದೆ. ದಾರಿಯ ಬದಿಗಳಲ್ಲಿ ಆಲದ ಮರಗಳನ್ನು ನೆಡಿಸಿದೆನೆಂದು ಉತ್ತರ ದೇಶದ ಸ್ತಂಭಶಾಸನವೊಂದರಲ್ಲಿ ಅವನೇ ಹೇಳಿಕೊಂಡಿದ್ದಾನೆ.

ನಮ್ಮ ಕಾಲದಲ್ಲಿ ಆ ಕೆಲಸವನ್ನು ಮಾಗಡಿ ತಾಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರು ಮಾಡಿದರು. ಅಕ್ಷರ ಕಲಿಯದ ಕೂಲಿಯ ಹೆಂಗಸು, ಮಕ್ಕಳಿರಲಿಲ್ಲ. ಗಂಡನಾದ ಚಿಕ್ಕಯ್ಯನವರೊಡನೆ ಊರ ಸುತ್ತಲಿನ ಆಲದ ಗಿಡಗಳಿಂದಲೇ ಸಸಿಗಳನ್ನು ಮಾಡಿಕೊಂಡು, ಮೊದಲನೆಯ ವರುಷ ಹತ್ತು, ಮರುವರುಷ ಹದಿನೈದು, ಅದರ ಮುಂದೆ ಇಪ್ಪತ್ತು ಎಂಬ ಕ್ರಮದಿಂದ ಹುಲಿಕಲ್ಲಿಗೂ ಕುದೂರಿಗೂ ನಡುವೆ ನೆಟ್ಟರು. ಮಳೆಗಾಲಕ್ಕೆ ನೆಡುವದು, ಮುಳ್ಳಿನ ಬೇಲಿ ಕಟ್ಟುವದು, ಬೇಸಗೆಯಲ್ಲಿ ಕೊಡದಿಂದ ನೀರು ಹೊರುವದು, ಇಷ್ಟೇ ಅವರ ಶಾಸ್ತ್ರ. 385 ಆಲದ ಗಿಡಗಳೆಂದು ಲೆಕ್ಕ ಹೇಳುವರು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರುಷ ರಸ್ತೆಯ ಅಗಲೀಕರಣದಿಂದ ಆ ಗಿಡಗಳಿಗೂ ಕುತ್ತು ಬಂದಿರಲಾಗಿ, ನೂರು ದಾಟಿದ ಆ ವೃದ್ಧೆಯು ಮುಖ್ಯಮಂತ್ರಿಗಳನ್ನು ಕಂಡು ಬೇಡಿಕೊಂಡದ್ದರಿಂದ ಅವುಗಳನ್ನು ಉಳಿಸುವ ಮಾತಾಯಿತು. 2025ರಲ್ಲಿ ಅವರು ತೀರಿಕೊಂಡರು. ನಮ್ಮ ಅರ್ಜಿಗೆ ಅಷ್ಟು ಬಲವಿರಲಿಲ್ಲ.

ಎರಡನೆಯ ಪ್ರಯತ್ನಕ್ಕೆ ಬರೋಣ. ಈ ಭಾಗದಲ್ಲಿ ವರುಷಕ್ಕೆ ಬೀಳುವ ಮಳೆ 600ರಿಂದ 800 ಮಿಲಿಮೀಟರಿನ ಒಳಗೆ. ಅದೂ ಬಹುಭಾಗ ಜೂನಿನಿಂದ ಸಪ್ಟೆಂಬರಿನ ವರೆಗೆ. ಮಿರುಗದ ಮಳೆ ಬಿದ್ದು ಗಾಳಿಯಲ್ಲಿ ತೇವ ಬಂದಾಗ ಟೊಂಗೆಯ ನೀರಿನ ಖರ್ಚು ತಾನಾಗಿಯೇ ಕಡಿಮೆಯಾಗುವದರಿಂದ ಅದೇ ನಮಗೆ ಯೋಗ್ಯ ಕಾಲ. ಜೂನಿನ ಎರಡನೆಯ ವಾರ ನಾವು ಕೆಲಸಕ್ಕಿಳಿದೆವು. ಒಬ್ಬ ಹುಡುಗಿಯ ಅಜ್ಜಿಯವರು ಸುರಪುರದ ಕಡೆಯ ಹಳ್ಳಿಯಿಂದ ಮೊಮ್ಮಗಳನ್ನು ಬಿಡಲು ಬಂದವರು, ನಾವು ಟೊಂಗೆಗಳನ್ನು ಕಡಿದ ಕೂಡಲೆ ನೆಡಲು ಹೊರಟದ್ದನ್ನು ಕಂಡು ತಡೆದು, “ಹಾಲ ಆರ್ಲಿ ಬಿಡ್ರಿ ಅಕ್ಕೋರೆ. ಹಸೀ ಗಾಯ ಮಣ್ಣಾಗ ಇಟ್ರ ಕೊಳೀತದ” ಎಂದರು. ಪುಸ್ತಕದಲ್ಲಿಯೂ ಇದೇ ಇದೆ. ನಾವು ಅವಸರದಲ್ಲಿ ಆ ಸಾಲನ್ನು ದಾಟಿ ಹೋಗಿದ್ದೆವು. ಬಸರಿಯಂಥಾ ಹಾಲುಬರುವ ಗಿಡಗಳ ಟೊಂಗೆಯನ್ನು ನೆರಳಿನಲ್ಲಿ ಒಂದೆರಡು ದಿನ ನಿಲ್ಲಿಸಿಟ್ಟರೆ ಹಾಲು ಹೆಪ್ಪುಗಟ್ಟಿ ಗಾಯಕ್ಕೆ ತಾನೇ ಮೇಣವಾಗುವದು.

ದೊಡ್ಡ ಗೂಟಗಳು ಹನ್ನೆರಡು. ಒಂದೊಂದೂ ಏಳು ಅಡಿ ಉದ್ದ, ಮುಂಗೈಯಷ್ಟು ದಪ್ಪ. ದಪ್ಪನೆಯ ಗೂಟದಲ್ಲಿ ಗಂಟು ಹೆಚ್ಚಿರುವದರಿಂದ ಬೇರು ಬರುವ ವರೆಗೆ ತಾಳಿಕೊಳ್ಳುವದು. ಮೇಲಾಗಿ ಆಡು ದನಗಳ ಬಾಯಿಗೆ ಚಿಗುರು ಎಟಕದು. ಎಲೆಗಳನ್ನೆಲ್ಲ ಸವರಿ, ಎರಡು ಅಡಿಯ ಕುಣಿಗಳಿಗೆ ಮರಳು ಮಸಾರಿ ತುಂಬಿ, ಕಾಲಂಶಕ್ಕಿಂತ ತುಸು ಹೆಚ್ಚನ್ನು ಹೂಳಿ, ನೀರು ನಿಲ್ಲದಂತೆ ಬುಡಕ್ಕೆ ದಿಬ್ಬ ಮಾಡಿದೆವು. ಮೇಲ್ತುದಿಗೆ ಸಗಣಿ ಮಣ್ಣು ಕಲಸಿ ಮೆತ್ತಿ, ಅದು ಮಳೆಗೆ ತೊಳೆದು ಹೋಗದಂತೆ ಅರಿವೆ ಸುತ್ತಿದೆವು. ಗಾಳಿಗೆ ಅಲುಗಿದರೆ ಎಳೆ ಬೇರು ಹರಿಯುವದರಿಂದ ಗೂಟಕ್ಕೆ ಗೂಟ ಕೊಟ್ಟು ಬಿಗಿದೆವು. ಸುತ್ತಲೂ ಬಳ್ಳಾರಿ ಜಾಲಿಯ ಮುಳ್ಳು. ಹೊಲಗಳಿಗೆ ಪೀಡೆಯಾಗಿ ಹಬ್ಬಿದ ಆ ಪರದೇಶಿ ಗಿಡವನ್ನು ನಾವು ಹೊಗಳುವ ಪ್ರಸಂಗ ಇದೊಂದೇ.

ಸಣ್ಣ ಕಡ್ಡಿಗಳು ಅರವತ್ತು. ಒಂದು ವರುಷ ಬಲಿತ, ಹೆಬ್ಬೆರಳಿಗಿಂತ ಸಣ್ಣನೆಯ ಟೊಂಗೆಯಿಂದ ಗೇಣುದ್ದದ ತುಂಡುಗಳು, ತುಂಡಿಗೆ ನಾಲ್ಕೈದು ಕಣ್ಣು. ಬುಡವನ್ನು ಗಿಣ್ಣಿನ ಕೆಳಗೇ ಓರೆಯಾಗಿ ಕತ್ತರಿಸಿ, ಎರಡು ಕಣ್ಣು ಮೇಲೆ ಉಳಿಯುವಂತೆ ಚೀಲಗಳಲ್ಲಿ ಊರಿದೆವು. ಮೂವತ್ತಕ್ಕೆ ಪುಡಿಯನ್ನು ಹಚ್ಚಿ, ಮೂವತ್ತಕ್ಕೆ ಹಚ್ಚದೆ, ಬೇರೆ ಬೇರೆ ಸಾಲಿನಲ್ಲಿಟ್ಟು, ಹತ್ತನೆಯ ತರಗತಿಯವರು ಒಂದು ರಿಜಿಸ್ಟರು ಬರೆಯತಕ್ಕದ್ದೆಂದು ಗೊತ್ತುಮಾಡಿದೆವು. ಬುಡವನ್ನು ತೇವ ಮಾಡಿ ಪುಡಿಯಲ್ಲಿ ಅದ್ದಿ ಕೊಡವಬೇಕು. ಹೆಚ್ಚಾದರೆ ತೊಗಟೆ ಸುಟ್ಟಂತಾಗುವದು. ಬಿದಿರಿನ ಕಮಾನುಗಳ ಮೇಲೆ ಪ್ಲಾಸ್ಟಿಕಿನ ಹಾಳೆ ಹೊದಿಸಿ, ಅದರ ಮೇಲೆ ಹಸಿ ಗೋಣಿತಟ್ಟು ಹಾಕಿ, ಮುಂಜಾನೆ ಸಂಜೆ ನೀರನ್ನು ಚಿಮುಕಿಸುವದಲ್ಲದೆ ಸುರಿಯಲಿಲ್ಲ. ದಿನಕ್ಕೊಮ್ಮೆ ಹಾಳೆಯನ್ನೆತ್ತಿ ಗಾಳಿಯಾಡಿಸದಿದ್ದರೆ ಬೂಸು ಬರುವದು. ಎರಡು ದಿನ ರಜೆಯಲ್ಲಿ ಮರೆತದ್ದಕ್ಕೆ ಏಳು ಕಡ್ಡಿಗಳು ಹೋದವು.

ಜುಲೈ ತಿಂಗಳ ನಡುವೆ ಒಂದು ಬುಧವಾರ ಬಸರಿಯನ್ನು ಕಡಿದರು. ಯಂತ್ರದ ಗರಗಸವಾದ್ದರಿಂದ ಮಧ್ಯಾಹ್ನದ ಗಂಟೆ ಬಾರಿಸುವ ಮೊದಲೇ ಮುಗಿಯಿತು. ಆ ದಿನ ಪಾಠ ನಡೆಯಿತೆಂದು ಹಾಜರಿ ಪುಸ್ತಕದಲ್ಲಿದೆ. ಏನು ಕಲಿಸಿದೆವೆಂದು ನಮಗೆ ನೆನಪಿಲ್ಲ. ಸಂಜೆ ಗೋಣಿತಟ್ಟನ್ನು ಎತ್ತಿ ನೀರು ಚಿಮುಕಿಸುವ ಪಾಳಿಯವರು ಹೇಳದೆಯೇ ಬಂದರು, ಪಾಳಿಯಿಲ್ಲದವರೂ ಬಂದರು.

ಅಗಸ್ಟಿನಲ್ಲಿ ಮೊದಲನೆಯ ಚೀಲದ ತೂತಿನಿಂದ ಬಿಳಿಯ ತುದಿ ಕಂಡಿತು. ಅರವತ್ತರಲ್ಲಿ ಉಳಿದವು ಇಪ್ಪತ್ತಾರು. ಪುಡಿ ಹಚ್ಚಿದವು ಬೇಗನೆ ಬೇರು ಬಿಟ್ಟವು, ಬೇರುಗಳ ಸಂಖ್ಯೆಯೂ ಹೆಚ್ಚು. ಹಚ್ಚದವುಗಳಲ್ಲಿಯೂ ಹತ್ತು ಬದುಕಿದವು. ಲೋಳೆಸರದ ಅಂಟು ಪುಡಿಗೆ ಸಮವೆಂದು ಹೇಳುವರಾದರೂ ಮರುವರುಷ ನಾವು ಹಚ್ಚಿ ನೋಡಿದಾಗ ಭೇದವೇನೂ ಕಾಣಲಿಲ್ಲ. ಹನ್ನೆರಡು ಗೂಟಗಳಲ್ಲಿ ಐದು ಹಿಡಿದವು. ನಾಲ್ಕು ಒಣಗಿದವು, ಎರಡಕ್ಕೆ ಗೆದ್ದಲು ತಾಗಿತು, ಒಂದನ್ನು ಯಾರೋ ಕಟ್ಟಿಗೆಯೆಂದು ಕಿತ್ತುಕೊಂಡು ಹೋದರು.

ಶಾಲೆಯ ಹಿಂದಿನ ಬೇವೂ ಆ ಪಟ್ಟಿಯಲ್ಲಿತ್ತು. ಅದರ ಟೊಂಗೆ ಬಾರದಾದ್ದರಿಂದ ಬೀಜವನ್ನೇ ಆಶ್ರಯಿಸಬೇಕಾಯಿತು. ಬೇವಿನ ಬೀಜವು ಎರಡು ಮೂರು ವಾರಗಳಲ್ಲಿಯೇ ಮೊಳೆಯುವ ಶಕ್ತಿಯನ್ನು ಕಳಕೊಳ್ಳುವದು. ಡಬ್ಬಿಯಲ್ಲಿಟ್ಟು ಮುಂದಿನ ವರುಷ ಬಿತ್ತುವೆನೆಂಬವರು ಆಶೆ ಬಿಡಬೇಕು. ಹಣ್ಣು ಉದುರಿದ ವಾರದಲ್ಲಿಯೇ ತಿರುಳು ತೊಳೆದು, ನೆರಳಲ್ಲಿ ಆರಿಸಿ ಬಿತ್ತಿದೆವು. ಅವು ನಿರಾಯಾಸವಾಗಿ ಬಂದವು.

ಬೀಜದ ಗಿಡಕ್ಕೂ ಟೊಂಗೆಯ ಗಿಡಕ್ಕೂ ಒಂದು ಮುಖ್ಯವಾದ ಭೇದವುಂಟು. ಅದನ್ನು ಹೇಳದಿದ್ದರೆ ಈ ಲೇಖನವು ಅರ್ಧ ಸುಳ್ಳಾಗುವದು. ಬೀಜದಿಂದ ಹುಟ್ಟಿದ್ದು ಮಗಳು, ತಾಯಿಯಂತೆ ಕೆಲವು ಗುಣಗಳಲ್ಲಿ ಮಾತ್ರ ಇರುವಳು. ಟೊಂಗೆಯಿಂದ ಬಂದದ್ದು ಮಗಳಲ್ಲ, ಅದೇ ತಾಯಿ. ನಮ್ಮ ಇಪ್ಪತ್ತಾರು ಚೀಲಗಳಲ್ಲಿಯೂ ಐದು ಕುಣಿಗಳಲ್ಲಿಯೂ ಇದ್ದದ್ದು ಹೆಬ್ಬಾಗಿಲಿನ ಆ ಒಂದೇ ಬಸರಿ. ಹುಡುಗಿಯರಿಗೆ ಇದರಿಂದ ಬಹಳ ಸಮಾಧಾನವಾಯಿತು. ಆದರೆ ಇದರಲ್ಲಿ ಅಪಾಯವೂ ಇದೆ. ಒಂದಕ್ಕೆ ತಾಗಿದ ರೋಗವು ಎಲ್ಲವಕ್ಕೂ ತಾಗುವದು. ಇಷ್ಟೇ ಅಲ್ಲ. ಆಲ ಬಸರಿ ಅತ್ತಿಗಳ ಹಣ್ಣೆಂದು ನಾವು ಕರೆಯುವದು ಒಳಮುಖವಾಗಿ ಅರಳಿದ ಹೂಗೊಂಚಲು. ಅದರ ಸಣ್ಣ ಬಾಯಿಯಿಂದ ಒಳಹೊಕ್ಕು ಪರಾಗವನ್ನು ಕೊಡುವದು ಎಳ್ಳಿಗಿಂತ ಚಿಕ್ಕದಾದ ಒಂದು ಕಣಜದ ಹುಳ. ಆಲಕ್ಕೆ ಬೇರೆ, ಅರಳಿಗೆ ಬೇರೆ, ಅತ್ತಿಗೆ ಬೇರೆ ಹುಳ. ಕಾಯಿಯಿಂದ ಹೊರಬಿದ್ದ ಹೆಣ್ಣು ಹುಳದ ಆಯುಷ್ಯ ಒಂದೆರಡು ದಿನ ಮಾತ್ರ. ಅಷ್ಟರೊಳಗೆ ಅದೇ ಜಾತಿಯ ಬೇರೊಂದು ಗಿಡದಲ್ಲಿ ಆಗತಾನೆ ಸಿದ್ಧವಾದ ಎಳೆಗಾಯಿ ಸಿಕ್ಕಬೇಕು. ಒಂದು ಗಿಡದ ಕಾಯಿಗಳೆಲ್ಲ ಬಹುಮಟ್ಟಿಗೆ ಒಂದೇ ಕಾಲಕ್ಕೆ ಬರುವವು. ಗಿಡದಿಂದ ಗಿಡಕ್ಕೆ ಕಾಲ ಬೇರೆ. ಹೀಗಿರುವದರಿಂದಲೇ ಸೀಮೆಯಲ್ಲಿ ವರುಷವೆಲ್ಲ ಎಲ್ಲಾದರೊಂದು ಕಡೆ ಹಣ್ಣಿದ್ದು, ಹುಳವೂ ಉಳಿದು, ಬೇರೆ ಹಣ್ಣಿಲ್ಲದ ಕಾಲದಲ್ಲಿ ಹಕ್ಕಿ ಬಾವಲಿಗಳಿಗೂ ಆಹಾರವಾಗುವದು. ದಾರಿಯುದ್ದಕ್ಕೂ ಒಂದೇ ತಾಯಿಯ ಟೊಂಗೆಗಳನ್ನು ನೆಟ್ಟರೆ ಎಲ್ಲವೂ ಕೂಡಿಯೇ ಫಲಿಸಿ ಕೂಡಿಯೇ ಬರಿದಾಗುವ ಸಂಭವ ಹೆಚ್ಚು.

ಇದನ್ನು ತಿಳಿದ ಮೇಲೆ 2023ರಿಂದ ನಾವು ಬೇರೆ ಬೇರೆ ಊರುಗಳ ಗಿಡಗಳಿಂದ ಟೊಂಗೆ ತರಿಸುತ್ತಿದ್ದೇವೆ. ಮಳೆಗಾಲಕ್ಕೆ ಮನೆಯಿಂದ ಬರುವ ಹುಡುಗಿಯರು ಹಸಿ ಗೋಣಿಯಲ್ಲಿ ಸುತ್ತಿ ಒಂದೊಂದು ಕಟ್ಟು ತರುವರು: ಶಹಾಪುರದ ಗುಡ್ಡದ ಕೆಳಗಿನ ಆಲ, ಸುರಪುರದ ದಾರಿಯ ಬಸರಿ, ಭೀಮಾ ದಂಡೆಯ ಅತ್ತಿ. ಕಟ್ಟೆ ಕಟ್ಟಿ ಪೂಜಿಸುವ ಗಿಡವಾದರೆ ಊರ ಹಿರಿಯರನ್ನು ಕೇಳದೆ ಮುಟ್ಟತಕ್ಕದ್ದಲ್ಲವೆಂದು ಕಟ್ಟಪ್ಪಣೆ ಮಾಡಿದ್ದೇವೆ. ಕೇಳಿದಲ್ಲೆಲ್ಲ ಕೊಟ್ಟಿದ್ದಾರೆ, ಒಂದು ಊರಲ್ಲಿ ಕಾಯಿ ಒಡೆದು ಕೊಟ್ಟರು. ಚೀಲಕ್ಕೆ ತಾಯಿಗಿಡದ ಊರಿನ ಹೆಸರನ್ನು ತಗಡಿನ ಮೇಲೆ ಮೊಳೆಯಿಂದ ಬರೆದು ಕಟ್ಟುವರು. ನೆಡುವಾಗ ಮನೆಯ ಗೋಡೆ, ಬಾವಿ, ನೀರಿನ ಕೊಳವಿಗಳಿಂದ ಕನಿಷ್ಠ ನಲವತ್ತು ಅಡಿ ದೂರವಿರಬೇಕು. ಈ ಕುಲದ ಬೇರಿಗೆ ಕಲ್ಲು ಗಾರೆಗಳ ಲೆಕ್ಕವಿಲ್ಲವೆಂಬದಕ್ಕೆ ನಮ್ಮ ಕಡೆಯ ಹಳೆಯ ಕೋಟೆಗಳ ಗೋಡೆಗಳನ್ನು ನೋಡಿದರೆ ಸಾಕು. ರಸ್ತೆಯ ಅಂಚಿನಿಂದಲೂ ದೂರವೇ ಇರಲಿ. ರಸ್ತೆಯು ಇನ್ನೊಂದು ಸಾರೆ ಅಗಲವಾಗದೆಂದು ಹೇಳುವವರಾರು?

ಗೂಟದಿಂದ ಬಂದ ಐದರಲ್ಲಿ ಮೂರು ನಮ್ಮ ಆಟದ ಬಯಲಿನ ಪಶ್ಚಿಮದ ಅಂಚಿನಲ್ಲಿವೆ. ಅವುಗಳ ಎತ್ತರವು ಈಗ ಪಡಸಾಲೆಯ ಛಾವಣಿಯನ್ನು ದಾಟಿದೆ, ನೆರಳು ಮಾತ್ರ ಇನ್ನೂ ಇಬ್ಬರು ಕೂಡ್ರುವಷ್ಟೇ. ಚೀಲದ ಇಪ್ಪತ್ತಾರರಲ್ಲಿ ಹೆಚ್ಚಿನವು ಹುಡುಗಿಯರ ಊರುಗಳಿಗೆ ಹೋದವು. ಮೊದಲು ನಮ್ಮನ್ನು ಬಾಗಿಲಲ್ಲಿ ನಿಂತು ಕೇಳಿದವಳು ತನ್ನದನ್ನು ಹೊಲದ ಬದುವಿನಲ್ಲಿ ಹಚ್ಚಿ, ಆಡು ತಿಂದ ಮೇಲೆ ಮತ್ತೊಂದನ್ನು ಒಯ್ದು ಹಚ್ಚಿದ್ದಾಳೆ.

ಈ ವರುಷ ಮಿರುಗಕ್ಕೆ ಕಡ್ಡಿ ಹಾಕುವ ಕೆಲಸವು ಶಾಲೆ ತೆರೆದ ಎರಡನೆಯ ಶನಿವಾರ ನಡೆಯುವದು. ಸಸಿ ಬೇಕಾದ ಹಳೆಯ ವಿದ್ಯಾರ್ಥಿನಿಯರು ಕಾರ್ಯಾಲಯದಲ್ಲಿ ಹೆಸರು ಬರೆಯಿಸಿ, ಎಲ್ಲಿ ನೆಡುವಿರೆಂಬದನ್ನೂ ಬೇಸಗೆಯಲ್ಲಿ ನೀರು ಹಾಕುವವರು ಯಾರೆಂಬದನ್ನೂ ಬರೆಯಬೇಕು. ಎರಡನೆಯದನ್ನು ಬರೆಯದವರಿಗೆ ಸಸಿ ಕೊಡುವದಿಲ್ಲ. ಗೋಣಿತಟ್ಟನ್ನು ನೀವೇ ತರತಕ್ಕದ್ದು. ಮರಳು ಇದೆ.